ರೇಷ್ಮೆ ಸೀಮೆಯ ಬಡತನ ಮತ್ತು ಮತೀಯ ಉಗ್ರವಾದ: ಚನ್ನಪಟ್ಟಣ–ರಾಮನಗರವನ್ನು ಮುಂದಿಟ್ಟುಕೊಂಡು ಒಂದು ಪರಿಶೀಲನೆ

ಬಡತನ, ಅನಕ್ಷರತೆ, ಮತೀಯ ಉಗ್ರವಾದ ಈ ಮೂರನ್ನೂ ಒಂದೇ ಉಸಿರಿನಲ್ಲಿ ಹೇಳುವುದು ನಮ್ಮಲ್ಲಿ ರೂಢಿಯಾಗಿದೆ. ಆ ಮಾತು ನಿಜವೇ ಆಗಿದ್ದರೆ ಅದಕ್ಕೆ ಮೊದಲ ಸಾಕ್ಷಿ ರಾಮನಗರ, ಚನ್ನಪಟ್ಟಣ, ಮಾಗಡಿಯ ರೇಷ್ಮೆ ಕೇರಿಗಳಲ್ಲಿ ಸಿಗಬೇಕಿತ್ತು. ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆಯ 1996 ಮತ್ತು 2003ರ ವರದಿಗಳು ಈ ಉದ್ಯಮದ ಜೀತದ ಮಕ್ಕಳ ಬದುಕನ್ನು ದಾಖಲಿಸಿವೆ. ಗೂಡಿನ ಎಳೆ ಸಡಿಲವಾಯಿತೇ ಎಂಬುದು ಬೆರಳಿಗೇ ತಿಳಿಯಬೇಕೆಂದು ನೂಲು ಬಿಚ್ಚಾಣಿಕೆಯ ಮಕ್ಕಳು ಸುಡುನೀರಿಗೆ ಬರಿಗೈ ಅದ್ದುತ್ತಿದ್ದರು, ಅಂಗೈ ಬೊಬ್ಬೆಯೇಳುತ್ತಿತ್ತು. ಮನೆಯವರು ಪಡೆದ ಮುಂಗಡ ತೀರುವವರೆಗೆ ಶಾಲೆಯ ಮಾತಿಲ್ಲ. ಇವರಲ್ಲಿ ಮುಸ್ಲಿಂ ಮತ್ತು ದಲಿತ ಮಕ್ಕಳೇ ಹೆಚ್ಚು.

ಆದರೆ 2007ರ ಜೂನ್ 30ರಂದು ಗ್ಲಾಸ್ಗೋ ವಿಮಾನ ನಿಲ್ದಾಣಕ್ಕೆ ಉರಿಯುವ ಜೀಪು ನುಗ್ಗಿಸಿದ ಕಫೀಲ್ ಅಹ್ಮದ್ ಬಂದದ್ದು ಇಂಥ ಕೇರಿಯಿಂದಲ್ಲ. ಅವನು ಬೆಂಗಳೂರಿನ ವೈದ್ಯ ದಂಪತಿಯ ಮಗ. ದಾವಣಗೆರೆಯಲ್ಲಿ ಎಂಜಿನಿಯರಿಂಗ್ ಓದಿ, ಬೆಲ್‌ಫಾಸ್ಟ್‌ನಲ್ಲಿ ಉನ್ನತ ವ್ಯಾಸಂಗ ಮಾಡಿದವನು. 2018ರ ಆಗಸ್ಟ್‌ನಲ್ಲಿ ರಾಷ್ಟ್ರೀಯ ತನಿಖಾ ದಳ ರಾಮನಗರದಲ್ಲೇ ಒಬ್ಬ ಉಗ್ರನನ್ನು ಬಂಧಿಸಿತು, ನಿಜ. ಅವನು ಬಾಂಗ್ಲಾದೇಶದಿಂದ ಬಂದು ತಲೆಮರೆಸಿಕೊಂಡಿದ್ದವನೇ ಹೊರತು ಈ ಊರಿನ ಬಡತನದ ಕೂಸಲ್ಲ. ಬಡತನಕ್ಕೂ ಭಯೋತ್ಪಾದನೆಗೂ ನೇರ ನಂಟು ಕಾಣುವುದಿಲ್ಲ ಎಂದು ಸಂಶೋಧಕರಾದ ಅಲನ್ ಕ್ರೂಗರ್ ಮತ್ತು ಜಿಟ್ಕಾ ಮಾಲೆಚ್ಕೋವಾ 2003ರಲ್ಲೇ ವಾದಿಸಿದ್ದರು. ಇಸ್ಲಾಮೀ ಉಗ್ರರಲ್ಲಿ ಎಂಜಿನಿಯರುಗಳ ಪ್ರಮಾಣ ಏಕೆ ಹೆಚ್ಚು ಎಂಬುದನ್ನೇ ಸಮಾಜವಿಜ್ಞಾನಿಗಳಾದ ಗಂಬೆಟ್ಟಾ ಮತ್ತು ಹರ್ಟೋಗ್ 2016ರ ತಮ್ಮ ಪುಸ್ತಕದ ವಿಷಯವಾಗಿಸಿಕೊಂಡರು. ಪದವಿ ಕೊಡುವ ಓದು ಸಂಶಯವನ್ನೂ ಸಹನೆಯನ್ನೂ ತಾನಾಗಿ ಕಲಿಸುವುದಿಲ್ಲ.

ಹಾಗಾದರೆ ಬಡತನಕ್ಕೆ ಇಲ್ಲಿ ಪಾತ್ರವೇ ಇಲ್ಲವೇ? ಇದೆ, ಆದರೆ ಬೇರೆ ಬಗೆಯದು. 1990ರ ಅಕ್ಟೋಬರ್‌ನಲ್ಲಿ ಚನ್ನಪಟ್ಟಣ, ರಾಮನಗರ, ದಾವಣಗೆರೆ ಕೋಮುಗಲಭೆಯಲ್ಲಿ ಹೊತ್ತಿ ಉರಿದವು. ಅದರ ಬೆನ್ನಿಗೇ ವೀರೇಂದ್ರ ಪಾಟೀಲರ ಮುಖ್ಯಮಂತ್ರಿ ಪದವಿ ಹೋಯಿತು. ಆ ಉರಿಗೆ ಇಂಧನ ಒದಗಿಸಿದ್ದು ಅಯೋಧ್ಯೆಯ ಸುತ್ತ ದೇಶದುದ್ದಕ್ಕೂ ಬೆಳೆದಿದ್ದ ರಾಜಕೀಯ. ಪೆಟ್ಟು ತಿಂದದ್ದು ಮಾತ್ರ ಊರಿನ ದುಡಿಯುವ ಜನ. 2023ರ ಮಾರ್ಚ್ ಕೊನೆಯಲ್ಲಿ ಕನಕಪುರ ತಾಲ್ಲೂಕಿನ ಸಾತನೂರು ಬಳಿ ಜಾನುವಾರು ಸಾಗಿಸುತ್ತಿದ್ದ ಮಂಡ್ಯದವನೊಬ್ಬ ಸತ್ತ. ಗೋರಕ್ಷಣೆಯ ಹೆಸರಿನಲ್ಲಿ ವಾಹನ ತಡೆದವರ ಮೇಲೆ ಕೊಲೆಯ ಆರೋಪ ಬಂತು. ದ್ವೇಷ ಯಾವ ಧರ್ಮದ್ದೇ ಆಗಲಿ, ಬಡತನ ಅದನ್ನು ಹುಟ್ಟಿಸುವುದಕ್ಕಿಂತ ಹೆಚ್ಚಾಗಿ ಅದರ ಬಲಿ ಯಾರೆಂಬುದನ್ನು ಗೊತ್ತುಮಾಡುತ್ತದೆ.

ನನ್ನನ್ನು ಹೆಚ್ಚು ಕಾಡುವುದು ಇನ್ನೊಂದು ಸಂಗತಿ. ರಾಮನಗರದ ಗೂಡಿನ ಮಾರುಕಟ್ಟೆಯಲ್ಲಿ ಒಕ್ಕಲಿಗ ರೈತ ತಂದ ಲಾಟಿನಿಂದ ನೂಲು ಬಿಚ್ಚಿಸುವ ಮುಸ್ಲಿಂ ರೀಲರ್ ಒಂದು ಹಿಡಿ ಗೂಡು ಎತ್ತಿ, ಕಿವಿಯ ಬಳಿ ಅಲುಗಿಸಿ, ಒಳಗಿನ ಹುಳುವಿನ ಸದ್ದಿನಿಂದಲೇ ಗುಣ ಅಳೆಯುತ್ತಾನೆ. ಒಬ್ಬರಿಲ್ಲದೆ ಇನ್ನೊಬ್ಬರ ಒಲೆ ಉರಿಯುವುದಿಲ್ಲ. ಇಷ್ಟು ಹತ್ತಿರದ ವ್ಯವಹಾರವಿದ್ದೂ 1990ರ ಗಲಭೆ ತಪ್ಪಲಿಲ್ಲ. ನಿತ್ಯದ ಒಡನಾಟ ಪಟ್ಟಣಗಳಲ್ಲಿ ಸಾಲದು, ಎರಡೂ ಸಮುದಾಯ ಸದಸ್ಯರಾಗಿರುವ ಸಂಘ-ಸಂಸ್ಥೆಗಳು ಬೇಕು ಎಂಬ ರಾಜ್ಯಶಾಸ್ತ್ರಜ್ಞ ಅಶುತೋಷ್ ವಾರ್ಷ್ಣೇಯರ ವಾದ (2002) ಇಲ್ಲಿ ಸರಿಹೊಂದುತ್ತದೆ. ಮಾರುಕಟ್ಟೆಯಲ್ಲಿ ಕೊಳ್ಳುವವರು, ಮಾರುವವರು ಎದುರುಬದುರು ನಿಲ್ಲುತ್ತಾರೆ. ಒಂದೇ ಸಂಘದ ಮೇಜಿನ ಸುತ್ತ ಕೂರುವುದು ಬೇರೆಯೇ ಮಾತು.

ಮಕ್ಕಳ ಬೆಳವಣಿಗೆಯ ಪ್ರಶ್ನೆಯೂ ಇಲ್ಲಿಗೇ ಬಂದು ಸೇರುತ್ತದೆ. ರೈತನ ಮಗ ಕನ್ನಡ ಅಥವಾ ಇಂಗ್ಲಿಷ್ ಶಾಲೆಗೆ, ರೀಲರ್‌ನ ಮಗ ಉರ್ದು ಶಾಲೆಗೆ ಹೋದರೆ, ಅಪ್ಪಂದಿರು ದಿನವೂ ಭೇಟಿಯಾಗುವ ಊರಿನಲ್ಲೇ ಮಕ್ಕಳು ಒಬ್ಬರ ಹೆಸರು ಒಬ್ಬರಿಗೆ ತಿಳಿಯದೆ ಬೆಳೆಯುತ್ತಾರೆ. ಆದ್ದರಿಂದ ರಾಮನಗರ, ಚನ್ನಪಟ್ಟಣ, ಮಾಗಡಿ, ಕನಕಪುರ ಈ ನಾಲ್ಕು ತಾಲ್ಲೂಕುಗಳ ಮುಂದಿನ ಅಧ್ಯಯನ ಆದಾಯ, ಸಾಕ್ಷರತೆಗಳ ಕೋಷ್ಟಕದ ಜೊತೆಗೆ ಶಾಲೆಯ ಹಾಜರಿ ಪುಸ್ತಕವನ್ನೂ ರೀಲರ್, ರೈತ, ಚನ್ನಪಟ್ಟಣದ ಗೊಂಬೆ ಕುಶಲಕರ್ಮಿಗಳ ಸಂಘಗಳ ಸದಸ್ಯರ ಪಟ್ಟಿಯನ್ನೂ ತೆರೆದು ನೋಡಬೇಕು.