ಗೆರೆ ಕಾಯ್ದ ಇಬ್ಬರು: ಕೊಡಗಿನ ತಿಮ್ಮಯ್ಯ, ಕೊಲ್ಹಾಪುರದ ಥೋರಾತ್

ನಾ ಮಾತಾಡಾಕತ್ತಿದ್ದು ಹುಕ್ಕೇರಿ ತಾಲೂಕಿನ ಕಣಗಲಾದಿಂದ. ಇಲ್ಲಿಂದ ಹೆದ್ದಾರಿ ಹಿಡಿದು ಒಂದು ಕಡೆ ಹೋದ್ರ ಸಂಕೇಶ್ವರ, ಬೆಳಗಾವಿ. ಇನ್ನೊಂದು ಕಡೆ ತವಂದಿ ಘಾಟ್, ನಿಪ್ಪಾಣಿ, ಅದರಾಚೆ ಕೊಲ್ಹಾಪುರ. ಗಡಿ ಗದ್ದಲ ಶುರುವಾದ್ರ ಮೊದಲು ನಿಲ್ಲೋದು ಬಸ್ಸು. ಹಂಗಾಗಿ ಗಡಿ ಅಂದ್ರ ನಮಗ ಬರೀ ನಕಾಶೆ ಅಲ್ಲ.

ಇವತ್ತಿನ ಕಂತು ಇಬ್ಬರ ಬಗ್ಗೆ. ಒಬ್ಬರು ಮಡಿಕೇರಿಯಲ್ಲಿ ಹುಟ್ಟಿದ ಕೆ.ಎಸ್. ತಿಮ್ಮಯ್ಯ. ಇನ್ನೊಬ್ಬರು ಕೊಲ್ಹಾಪುರದ ಕಡೆಯ ಎಸ್.ಪಿ.ಪಿ. ಥೋರಾತ್. 1953ರಲ್ಲಿ ಇಬ್ಬರೂ ಕೂಡಿ ಕೊರಿಯಾದ ಗಡಿಗೆ ಹೋದರು. ಆಗ ಕೊಡಗು ತನ್ನದೇ ಒಂದು ರಾಜ್ಯ. ಬೆಳಗಾವಿ, ಕೊಲ್ಹಾಪುರ ಎರಡೂ ಇದ್ದದ್ದು ಮುಂಬಯಿ ರಾಜ್ಯದಲ್ಲಿ. ನಮ್ಮ ಗಡಿ ಜಗಳ ಇನ್ನೂ ಹುಟ್ಟಬೇಕಿತ್ತು.

ಮೂರು ವರ್ಷದ ಕೊರಿಯಾ ಯುದ್ಧ 1953ರ ಜುಲೈ 27ರಂದು ನಿಂತಿತು. ಆದರೆ ಒಂದು ಗಂಟು ಬಿಚ್ಚಿರಲಿಲ್ಲ. ಸುಮಾರು 22,600 ಚೀನೀ ಮತ್ತು ಉತ್ತರ ಕೊರಿಯಾದ ಕೈದಿಗಳು ಊರಿಗೆ ವಾಪಸ್ ಹೋಗಲ್ಲ ಅಂತಿದ್ದರು. ಅದು ಅವರ ಸ್ವಂತ ಮನಸ್ಸೋ, ಯಾರದೋ ಹೆದರಿಕೆಯೋ? ಇದನ್ನು ತಿಳಿಯಲು ಐದು ದೇಶಗಳ ಆಯೋಗ ಮಾಡಿದರು: ಸ್ವೀಡನ್, ಸ್ವಿಟ್ಜರ್ಲೆಂಡ್, ಪೋಲೆಂಡ್, ಚೆಕೊಸ್ಲೊವಾಕಿಯಾ ಮತ್ತು ಭಾರತ. ಅಧ್ಯಕ್ಷರು ತಿಮ್ಮಯ್ಯ. ಕೈದಿಗಳನ್ನು ಕಾಯುವ ಭಾರತೀಯ ಪಡೆಯ ಮುಖ್ಯಸ್ಥರು ಥೋರಾತ್.

ನಮ್ಮವರಿಗೆ ಸಿಕ್ಕ ಸ್ವಾಗತ ಹೆಂಗಿತ್ತು ಕೇಳ್ರಿ. ದಕ್ಷಿಣ ಕೊರಿಯಾದ ಅಧ್ಯಕ್ಷ ಸಿಂಗ್ಮನ್ ರೀ, ಭಾರತದ ಸೈನಿಕರು ತನ್ನ ನೆಲ ಮೆಟ್ಟಬಾರದು ಅಂದುಬಿಟ್ಟರು. ಹಡಗಿನಲ್ಲಿ ಬಂದ ಪಡೆಯನ್ನು ಅಮೆರಿಕದ ಹೆಲಿಕಾಪ್ಟರ್‌ಗಳು ನೆಲ ಮುಟ್ಟಿಸದೆ ನೇರ ಎರಡು ಕೊರಿಯಾಗಳ ನಡುವಿನ ಸೇನಾಮುಕ್ತ ವಲಯಕ್ಕೆ ಇಳಿಸಿದವು.

ಕೈದಿಗಳೂ ಭಾರತೀಯರನ್ನು ನಂಬಲಿಲ್ಲ. ಒಮ್ಮೆ ಒಬ್ಬ ಮೇಜರ್‌ರನ್ನು ಬೇಲಿಯೊಳಗೆ ಹಿಡಿದಿಟ್ಟುಕೊಂಡರು. ಥೋರಾತ್ ತಾವೇ ಒಳಗೆ ಹೋಗಿ, ಮಾತಾಡಿ, ಬಿಡಿಸಿಕೊಂಡು ಬಂದರು. ಎಲ್ಲ ದಿನವೂ ಹಿಂಗ ಆಗಲಿಲ್ಲ. ಕಾವಲುಗಾರರು ಗುಂಡು ಹಾರಿಸಿ ಕೈದಿಗಳು ಸತ್ತದ್ದೂ ಉಂಟು. ಆದರೂ ಕೈದಿಗಳನ್ನು ಬಲವಂತದಿಂದ ಎಳೆತಂದು ಮನವೊಲಿಕೆಗೆ ಕೂರಿಸುವುದಕ್ಕೆ ತಿಮ್ಮಯ್ಯ ಒಪ್ಪಲಿಲ್ಲ.

ಕೊನೆಗೆ ಊರಿಗೆ ಹೋಗ್ತೀವಿ ಅಂದವರು ಕೆಲವು ನೂರು ಮಂದಿ ಮಾತ್ರ. ಎರಡೂ ಕಡೆ ಬೇಡ ಅಂದ 80ಕ್ಕೂ ಹೆಚ್ಚು ಜನ ನಮ್ಮ ಪಡೆಯ ಜೊತೆ ಭಾರತಕ್ಕೆ ಬಂದರು. ಉಳಿದವರನ್ನು 1954ರ ಜನವರಿಯಲ್ಲಿ, ಮೊದಲು ಹಿಡಿದಿಟ್ಟವರಿಗೇ ಒಪ್ಪಿಸಿದರು. ಕೊರಿಯಾದ ಗೆರೆ ಇವತ್ತಿಗೂ ಅಲ್ಲೇ ಅದ.

ಮುಂದೆ ಭೂಸೇನೆಯ ಮುಖ್ಯಸ್ಥರಾಗಿ 1961ರಲ್ಲಿ ನಿವೃತ್ತರಾದ ತಿಮ್ಮಯ್ಯನವರನ್ನು ವಿಶ್ವಸಂಸ್ಥೆ 1964ರಲ್ಲಿ ಮತ್ತೆ ಕರೆಯಿತು. ಈ ಸಲ ಸೈಪ್ರಸ್. ಅಲ್ಲಿ ಗ್ರೀಕರ ಮತ್ತು ತುರ್ಕರ ನಡುವೆ ಹೊಡೆದಾಟ ಆಗಿ, 1963ರ ಡಿಸೆಂಬರ್‌ನಲ್ಲಿ ಬ್ರಿಟಿಷ್ ಸೇನಾಧಿಕಾರಿಯೊಬ್ಬ ರಾಜಧಾನಿ ನಿಕೋಸಿಯಾದ ನಕಾಶೆ ಮೇಲೆ ಹಸಿರು ಪೆನ್ಸಿಲ್‌ನಿಂದ ಗೆರೆ ಎಳೆದಿದ್ದ. ತಿಮ್ಮಯ್ಯ ಜುಲೈನಲ್ಲಿ ಹೊಣೆ ಹೊತ್ತರು. ಆಗಸ್ಟ್‌ನಲ್ಲೇ ಟರ್ಕಿಯ ವಿಮಾನಗಳು ಬಾಂಬು ಹಾಕಿದವು. ಎರಡೂ ಕಡೆ ಓಡಾಡಿ ಜಗಳ ತಣ್ಣಗಿಡುವ ಆ ಕೆಲಸದಲ್ಲಿರುವಾಗಲೇ, 1965ರ ಡಿಸೆಂಬರ್ 18ರಂದು ಅಲ್ಲೇ ತೀರಿಕೊಂಡರು. ಮರುವರ್ಷ ಸೈಪ್ರಸ್ ಅವರ ನೆನಪಿಗೆ ಅಂಚೆಚೀಟಿ ತಂದಿತು.

ಹಂಗಾದ್ರ ಜಗಳ ತೀರಿತಾ? ಇಲ್ಲ. 1974ರಲ್ಲಿ ಟರ್ಕಿ ಸೇನೆ ಇಳಿಸಿತು. ಆ ಗೆರೆ ದ್ವೀಪದ ಉದ್ದಕ್ಕೂ ಸುಮಾರು 180 ಕಿಲೋಮೀಟರ್ ಬೆಳೆಯಿತು. ಜನ ದಾಟಲು ದಾರಿ ತೆರೆದದ್ದು 2003ರಲ್ಲಿ. ವಿಶ್ವಸಂಸ್ಥೆಯ ಪಡೆ ಈಗಲೂ ಅಲ್ಲಿದೆ.

ಇದರಿಂದ ನನಗೆ ತಿಳಿದದ್ದು ಒಂದು ಮಾತು. ಶಾಂತಿಪಾಲಕರು ಜಗಳ ಬಗೆಹರಿಸೋದಿಲ್ಲ. ಬಗೆಹರಿಸುವವರಿಗೆ ಒಂದಿಷ್ಟು ಸಮಯ ಉಳಿಸಿಕೊಡ್ತಾರೆ, ಅಷ್ಟೇ. ಆ ಸಮಯವನ್ನು ರಾಜಕಾರಣಿಗಳು ಕಳೆದರೆ, ಜನರಲ್ ಎಷ್ಟು ದೊಡ್ಡವರಿದ್ದರೂ ಗೆರೆ ಹಂಗೇ ಉಳೀತದ.

ನಮ್ಮದನ್ನೇ ನೋಡ್ರಿ. 1966ರಲ್ಲಿ ಮಹಾಜನ ಆಯೋಗ ಬಂತು, 1967ರಲ್ಲಿ ವರದಿ ಕೊಟ್ಟಿತು. ಬೆಳಗಾವಿ ಇಲ್ಲಿಗೆ, ನಿಪ್ಪಾಣಿ ಅಲ್ಲಿಗೆ, ಅಕ್ಕಲಕೋಟೆ ಇಲ್ಲಿಗೆ ಅಂದಿತು. ಕರ್ನಾಟಕ ಒಪ್ಪಿತು, ಮಹಾರಾಷ್ಟ್ರ ಒಪ್ಪಲಿಲ್ಲ. 2004ರಲ್ಲಿ ಮಹಾರಾಷ್ಟ್ರ ಸುಪ್ರೀಂ ಕೋರ್ಟಿಗೆ ಹೋಯಿತು. ಇನ್ನೂ ತೀರ್ಪಿಗೆ ಕಾಯ್ತಿದ್ದೀವಿ.

ಆದರೆ ನಮ್ಮ ಗೆರೆ ಮೇಲೆ ಮುಳ್ಳುತಂತಿ ಇಲ್ಲ. ದಾಟಾಕ ಪರವಾನಗಿ ಬೇಡ. ಸಂತೆ, ದವಾಖಾನೆ, ಬೀಗತನ ಎಲ್ಲಾ ಎರಡೂ ಕಡೆ ನಡೀತಾವು. ಸೈಪ್ರಸ್‌ನವರು ನಲವತ್ತು ವರ್ಷ ಕಾದು ಪಡೆದದ್ದು ನಮ್ಮ ಕೈಯಾಗ ಮೊದಲಿನಿಂದಲೂ ಅದ. ಕೋರ್ಟು ಏನೇ ಹೇಳಲಿ, ಮುಂದಿನ ಸಲ ಬಸ್ಸಿಗೆ ಕಲ್ಲು ಬೀಳದಂಗ ನೋಡಿಕೊಳ್ಳೋದು ಯಾವ ವಿಶ್ವಸಂಸ್ಥೆ ಪಡೆಯ ಕೆಲಸಾನೂ ಅಲ್ಲ, ನಮ್ಮದೇ.

ಮುಂದಿನ ಕಂತಿನಾಗ ಸಿಗೋಣ್ರಿ.