ಪದ ಪರಿಚಯ: ಜಿಪಿಐಒ

ಜಿಪಿಐಒ ಎಂದರೆ ಎಲ್‌ಇಡಿ, ಗುಂಡಿ, ಸೆನ್ಸರ್‌ಗಳನ್ನು ಜೋಡಿಸಲು ಪುಟ್ಟ ಕಂಪ್ಯೂಟರ್ ಬೋರ್ಡಿನಲ್ಲಿ ಬಿಟ್ಟಿರುವ ಪಿನ್ನು. ‘ಜನರಲ್ ಪರ್ಪಸ್ ಇನ್‌ಪುಟ್ ಔಟ್‌ಪುಟ್’ ಎಂಬ ಇಂಗ್ಲಿಷ್ ಮಾತಿನ ಮೊದಲಕ್ಷರಗಳಿಂದ ಈ ಪದ ಹುಟ್ಟಿದೆ. ‘ಜನರಲ್ ಪರ್ಪಸ್’ ಎಂದರೆ ಪಿನ್ನಿಗೆ ಮೊದಲೇ ಗೊತ್ತುಪಡಿಸಿದ ಕೆಲಸವಿಲ್ಲ. ಸಂಕೇತವನ್ನು ಓದಬೇಕೋ ಹೊರಡಿಸಬೇಕೋ ಎಂಬುದನ್ನು ಪ್ರೋಗ್ರಾಮು ತೀರ್ಮಾನಿಸುತ್ತದೆ.

ಗುಂಡುಪಿನ್ನು, ಪ್ಲಗ್ಗಿನ ಪಿನ್ನುಗಳ ಮೂಲಕ ಕನ್ನಡದಲ್ಲಿ ಪಳಗಿದ ‘ಪಿನ್ನು’ ಇಲ್ಲಿಯೂ ಸಲ್ಲುತ್ತದೆ. ಆದರೆ ಲಿನಕ್ಸ್ ಕಾರ್ಯಾಚರಣೆ ವ್ಯವಸ್ಥೆಯ ತಿರುಳಾದ ಕರ್ನಲ್‌ನ ಪರಿಭಾಷೆಯಲ್ಲಿ ಜಿಪಿಐಒಗೆ ‘ಲೈನ್’ ಎಂದು ಹೆಸರು. ಪಿನ್ನು ಕಣ್ಣಿಗೆ ಕಾಣುವ ಲೋಹದ ಕಡ್ಡಿ. ಲೈನ್ ಚಿಪ್ಪಿನಿಂದ ಹೊರಡುವ ಸಂಕೇತದ ದಾರಿ. ಎರಡರ ಸಂಖ್ಯೆಯೂ ಬೇರೆ. ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡಿನ 40 ಪಿನ್ನುಗಳಲ್ಲಿ ಜಿಪಿಐಒ 17 ಇರುವುದು 11ನೆಯ ಪಿನ್ನಿನಲ್ಲಿ. 17ನೆಯ ಪಿನ್ನು 3.3 ವೋಲ್ಟ್ ವಿದ್ಯುತ್ ಪೂರೈಸುವಂಥದ್ದು.

ಲಿನಕ್ಸ್‌ನಲ್ಲಿ ಸಾಧನಗಳೂ ಕಡತಗಳಂತೆ ಕಾಣುತ್ತವೆ. ಹಿಂದೆ ‘ಸಿಸ್‌ಎಫ್‌ಎಸ್’ ಎಂಬ ಕಡತ ವ್ಯವಸ್ಥೆಯಲ್ಲಿ ಲೈನಿನ ಸಂಖ್ಯೆಯನ್ನು ‘ಎಕ್ಸ್‌ಪೋರ್ಟ್’ ಕಡತಕ್ಕೆ ಬರೆದು, ದಿಕ್ಕು ಗೊತ್ತುಮಾಡಿ, ‘ವ್ಯಾಲ್ಯೂ’ ಕಡತಕ್ಕೆ 1 ಅಥವಾ 0 ಬರೆಯುತ್ತಿದ್ದರು. 2016ರಲ್ಲಿ ಬಂದ ಕರ್ನಲ್‌ನ 4.8ನೆಯ ಆವೃತ್ತಿಯಿಂದ ‘ಜಿಪಿಐಒಚಿಪ್’ ಎಂಬ ಸಾಧನ ಕಡತ ಆ ಜಾಗಕ್ಕೆ ಬಂತು. ‘ಜಿಪಿಐಒಸೆಟ್’ ಆಜ್ಞೆಗೆ ಚಿಪ್ಪಿನ ಹೆಸರಿನೊಂದಿಗೆ ‘17=1’ ಎಂದು ಕೊಟ್ಟರೆ ಆ ಲೈನಿಗೆ ಕಟ್ಟಿದ ಎಲ್‌ಇಡಿ ಹೊತ್ತಿಕೊಳ್ಳುತ್ತದೆ; ಗುಂಡಿ ಒತ್ತಿದೆಯೇ ಎಂದು ತಿಳಿಯಲು ‘ಜಿಪಿಐಒಗೆಟ್’ ಇದೆ.

ರಾಸ್ಪ್‌ಬೆರಿ ಪೈಯಲ್ಲಿ ಪಿನ್ನು ‘ಹೈ’ (1) ಎಂದರೆ 3.3 ವೋಲ್ಟ್, ‘ಲೋ’ (0) ಎಂದರೆ ಸೊನ್ನೆ. ರಾಸ್ಪ್‌ಬೆರಿ ಪೈಯ ಜಿಪಿಐಒ ಪಿನ್ನಿಗೆ ನೇರವಾಗಿ 5 ವೋಲ್ಟ್ ಕೊಟ್ಟರೆ ಚಿಪ್ಪು ಸುಡಬಹುದು.