ಆಯದಿಂದ ಮಂಜೂರಾತಿಯವರೆಗೆ: ಆಳಂದ, ಅಫಜಲಪುರ, ಜೇವರ್ಗಿ ಸೀಮೆಯ ಜಾತಿ ಮತ್ತು ಭೂಮಿ

ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ ಮತ್ತು ಜೇವರ್ಗಿ ತಾಲ್ಲೂಕುಗಳ ಅಸ್ಪೃಶ್ಯತೆಯ ಚರಿತ್ರೆಯನ್ನು ಗುಡಿಯ ಬಾಗಿಲಲ್ಲಿ, ಬಾವಿಯ ಕಟ್ಟೆಯಲ್ಲಿ ಮಾತ್ರ ಹುಡುಕಿದರೆ ಅದರ ಅರ್ಧ ಭಾಗ ಕಣ್ಣಿಗೆ ಬೀಳುವುದಿಲ್ಲ. ಉಳಿದರ್ಧ ಇರುವುದು ಇಲ್ಲಿನ ಎರೆಭೂಮಿಯ ಒಡೆತನದಲ್ಲಿ ಮತ್ತು ಆ ಒಡೆತನವನ್ನು ಬರೆದಿಟ್ಟ ಕಂದಾಯ ದಫ್ತರಗಳಲ್ಲಿ.

1948ರ ಸೆಪ್ಟೆಂಬರ್‌ವರೆಗೆ ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದ ಈ ಭಾಗದ ಹಲವು ಹಳ್ಳಿಗಳು ಜಾಗೀರುಗಳಿಗೂ, ಸೈನ್ಯ ಪೋಷಣೆಗೆಂದು ಅಮೀರ ಮನೆತನಗಳಿಗೆ ಬಿಟ್ಟುಕೊಟ್ಟಿದ್ದ ಪೈಗಾಗಳಿಗೂ ಒಳಪಟ್ಟಿದ್ದವು. ಮೇಲಿನ ಒಡೆಯರು ಯಾರೇ ಆಗಿರಲಿ, ಊರೊಳಗಿನ ಅಧಿಕಾರ ಮಾಲಿಪಾಟೀಲ, ಪೊಲೀಸ್ ಪಾಟೀಲ, ಕುಲಕರ್ಣಿಗಳ ಕೈಯಲ್ಲಿದ್ದು, ಕೀಳೆಂದು ಎಣಿಸಲಾದ ಚಾಕರಿಯೆಲ್ಲ ವಂಶಪಾರಂಪರ್ಯವಾಗಿ ಹೊಲೆಯ ಮತ್ತು ಮಾದಿಗ ಸಮುದಾಯಗಳ ಪಾಲಿಗೆ ಬಂದಿತ್ತು. ಸತ್ತ ದನವನ್ನು ಊರಾಚೆ ಎಳೆದು ಹಾಕುವುದು, ಡಂಗುರ ಸಾರುವುದು, ಸವಾರಿ ಬಂದ ಅಧಿಕಾರಿಯ ಗಂಟುಮೂಟೆಯನ್ನು ಮುಂದಿನ ಊರಿನ ಗಡಿಯವರೆಗೆ ಹೊರುವುದು ಇವರ ಕೆಲಸ. ಜೋಳದ ರಾಶಿಯ ಕಾಲಕ್ಕೆ ಕಣದ ಅಂಚಿನಲ್ಲಿ ನಿಂತು ಪಡೆಯುವ ಕಾಳಿನ ಪಾಲು, ಅಂದರೆ ಆಯ, ಅದಕ್ಕೆ ಸಿಗುತ್ತಿದ್ದ ಪ್ರತಿಫಲ. ಆ ಪಾಲು ಎಷ್ಟೆಂಬುದನ್ನು ನಿಶ್ಚಯಿಸುವ ಹಕ್ಕು ದುಡಿದವನಿಗೆ ಇರಲಿಲ್ಲ. ಸಾಲ ತೀರುವವರೆಗೆ ಒಡೆಯನ ಮನೆಯಲ್ಲಿ ದುಡಿಯುವ ಜೀತವೂ ಸಂಸ್ಥಾನದಲ್ಲಿ ಎಷ್ಟು ಹಬ್ಬಿತ್ತೆಂದರೆ, ಭಗೇಲಾ ಎಂದು ಕರೆಯುತ್ತಿದ್ದ ಆ ಕರಾರುಗಳನ್ನು ಹತೋಟಿಗೆ ತರಲು 1936ರಲ್ಲಿ ನಿಜಾಮ್ ಸರ್ಕಾರವೇ ಕಾಯಿದೆ ಮಾಡಬೇಕಾಯಿತು.

ವ್ಯಕ್ತಿಯ ಮನಸ್ಸಿನಲ್ಲಿ ದ್ವೇಷವಿರಲಿ ಇಲ್ಲದಿರಲಿ, ಹುಟ್ಟಿನ ಆಧಾರದ ಮೇಲೆ ದುಡಿಮೆ, ಭೂಮಿ, ದಾಖಲೆಗಳನ್ನು ಹಂಚುವ ಇಂಥ ಏರ್ಪಾಡಿಗೆ ಸಮಾಜಶಾಸ್ತ್ರಜ್ಞರು ವ್ಯವಸ್ಥಿತ ತಾರತಮ್ಯ ಎನ್ನುತ್ತಾರೆ. 2001ರಲ್ಲಿ ಡರ್ಬನ್‌ನಲ್ಲಿ ನಡೆದ ವಿಶ್ವಸಂಸ್ಥೆಯ ಜನಾಂಗಭೇದ ವಿರೋಧಿ ಸಮ್ಮೇಳನದಲ್ಲಿ ದಲಿತ ಸಂಘಟನೆಗಳು ಜಾತಿಯ ಪ್ರಶ್ನೆಯನ್ನೂ ಎತ್ತಿದ್ದು ಇದೇ ಕಾರಣಕ್ಕೆ. ಭಾರತ ಸರ್ಕಾರ ಅದನ್ನು ಒಪ್ಪಲಿಲ್ಲ.

1949ರಲ್ಲಿ ಜಾಗೀರುಗಳು ರದ್ದಾದವು, 1956ರಲ್ಲಿ ಈ ಸೀಮೆ ಮೈಸೂರು ರಾಜ್ಯದೊಡನೆ ಒಂದಾಯಿತು, 1961ರ ಕಾಯಿದೆ ವಂಶಪಾರಂಪರ್ಯ ಗ್ರಾಮ ಹುದ್ದೆಗಳನ್ನು ಕೊನೆಗಾಣಿಸಿತು. ಆದರೆ ಭೂಹೀನರಿಗೆ ಸರ್ಕಾರ ಮಂಜೂರು ಮಾಡಿದ ತುಂಡು ಹೊಲಗಳು ಬರ, ಮದುವೆ, ಕಾಯಿಲೆಯ ಸಾಲಗಳಿಗೆ ಸಿಕ್ಕಿ ಕಡಿಮೆ ಬೆಲೆಗೆ ಕೈತಪ್ಪುತ್ತಿದ್ದುದರಿಂದ, ಪರಿಶಿಷ್ಟರಿಗೆ ಮಂಜೂರಾದ ಭೂಮಿಯ ಪರಭಾರೆಯನ್ನು ನಿಷೇಧಿಸುವ ಕಾಯಿದೆ 1978ರಲ್ಲಿ ಬಂತು. ಷರತ್ತು ಮೀರಿ ನಡೆದ ಹಿಂದಿನ ಮಾರಾಟಗಳನ್ನೂ ಅಸಿಂಧುವೆಂದು ಸಾರಿ, ಭೂಮಿಯನ್ನು ಮೂಲ ಮಂಜೂರುದಾರನಿಗೆ ಅಥವಾ ಅವನ ವಾರಸುದಾರರಿಗೆ ಮರಳಿಸುವ ಈ ಕಾಯಿದೆ, ಗತಕಾಲದ ಅನ್ಯಾಯದ ಹೊಣೆಯನ್ನು ವರ್ತಮಾನದ ಸಮಾಜವೇ ಹೊರಬೇಕೆಂದು ಹೇಳಿದ ಕರ್ನಾಟಕದ ಅತ್ಯಂತ ಧೀರ ಶಾಸನಗಳಲ್ಲೊಂದು. 1984ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. 2017ರಲ್ಲಿ ಅದೇ ನ್ಯಾಯಾಲಯ, ಅರ್ಜಿ ಸಮಂಜಸ ಕಾಲದೊಳಗೆ ಬರಬೇಕೆಂದು ತೀರ್ಪಿತ್ತ ಮೇಲೆ ಎಷ್ಟೋ ಕುಟುಂಬಗಳ ದಾರಿ ಮುಚ್ಚಿತು. ಕಾಲಮಿತಿಯ ಆ ಅಡ್ಡಿಯನ್ನು ತೆಗೆಯಲು 2023ರಲ್ಲಿ ತಿದ್ದುಪಡಿ ತರಲಾಯಿತು.

ಪ್ರದೇಶಕ್ಕೆ ಸಿಕ್ಕ ಪರಿಹಾರದ ಕಥೆ ಬೇರೆ. 2002ರಲ್ಲಿ ವರದಿ ನೀಡಿದ ಡಾ. ಡಿ. ಎಂ. ನಂಜುಂಡಪ್ಪ ಸಮಿತಿ ಈ ಮೂರೂ ತಾಲ್ಲೂಕುಗಳನ್ನು ಅತ್ಯಂತ ಹಿಂದುಳಿದವುಗಳ ಸಾಲಿಗೆ ಸೇರಿಸಿತು. 2009ರಲ್ಲಿ ಸ್ಥಾಪನೆಯಾದ ಕೇಂದ್ರೀಯ ವಿಶ್ವವಿದ್ಯಾಲಯ ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿ ನೆಲೆಗೊಂಡಿತು. ಸಂವಿಧಾನದ 371 (ಜೆ) ವಿಧಿ ಶಿಕ್ಷಣ ಮತ್ತು ಉದ್ಯೋಗದಲ್ಲಿ ಸ್ಥಳೀಯರಿಗೆ ಮೀಸಲಾತಿ ತಂದಿತು. ಇವು ಅಗತ್ಯವಾಗಿದ್ದ ಕ್ರಮಗಳೇ. ಆದರೆ ತಾಲ್ಲೂಕಿನ ಸರಾಸರಿ ಲೆಕ್ಕದಲ್ಲಿ ಊರಿಗೂ ಕೇರಿಗೂ ನಡುವಿನ ಅಂತರ ಕಾಣುವುದಿಲ್ಲ, ಮತ್ತು ಹಿಂದುಳಿದ ಪ್ರದೇಶವೆಂಬ ಹೆಸರಿನಲ್ಲಿ ಬಂದ ಅನುಕೂಲ ಆ ಪ್ರದೇಶದೊಳಗೇ ತುಳಿತಕ್ಕೊಳಗಾದವರಿಗೆ ತಾನಾಗಿಯೇ ತಲುಪುವುದೂ ಇಲ್ಲ. ಆದ್ದರಿಂದ ಮೂರೂ ತಾಲ್ಲೂಕು ಕಚೇರಿಗಳು ಪರಿಶಿಷ್ಟರಿಗೆ ಮಂಜೂರಾದ ಭೂಮಿಯ ಸರ್ವೆ ನಂಬರುಗಳನ್ನು, ಅವು ಇಂದು ಯಾರ ಸ್ವಾಧೀನದಲ್ಲಿವೆ ಎಂಬ ವಿವರದೊಡನೆ, ಪ್ರತಿ ಗ್ರಾಮ ಪಂಚಾಯಿತಿಯ ಗೋಡೆಯ ಮೇಲೆ ಪ್ರಕಟಿಸಬೇಕು. ವಾರಸುದಾರರು ಬಂದು ಕೇಳಲೆಂದು ಕಾಯದೆ, ದಾಖಲೆ ಹಿಡಿದು ಕೇರಿಗೆ ಹೋಗುವ ಹೊಣೆ ಸರ್ಕಾರದ್ದೇ ಆಗಬೇಕು.